ಸೌತೆಯ ಕಹಿ ಮತ್ತು ನುಸಿ: ಒಂದು ಜೀನಿನ ಪ್ರಕರಣ

ತರಕಾರಿ ತಳಿಗಳಲ್ಲಿ ನುಸಿ ನಿರೋಧಕತೆ ಅಂದ ಕೂಡಲೇ ಹೆಚ್ಚಿನವರು ಟೊಮೆಟೊದ ಕಾಡು ಬಂಧುಗಳನ್ನು ತೋರಿಸುತ್ತಾರೆ. ಅವುಗಳ ಎಲೆಯ ಮೇಲಿನ ಅಂಟು ರೋಮಗಳಿಗೆ ನುಸಿ ಸಿಕ್ಕಿಕೊಳ್ಳುತ್ತದೆ. ಲೆನ್ಸ್ ಹಿಡಿದರೆ ಸಾಕು, ಕಣ್ಣಿಗೇ ಕಾಣುತ್ತದೆ. ನನಗೆ ಮಾತ್ರ ಸೌತೆಯ ಪ್ರಕರಣವೇ ಹೆಚ್ಚು ಕಲಿಸುತ್ತದೆ ಅನಿಸಿದೆ. ಅಲ್ಲಿ ಶುರುವಿನಲ್ಲಿ ನುಸಿಯ ಮಾತೇ ಇರಲಿಲ್ಲ. ಕಾಯಿ ಕಹಿಯಾಗಬಾರದು ಅಂತ ತಳಿ ತಜ್ಞರು ಒಂದು ಜೀನನ್ನು ಬದಲಾಯಿಸಿಕೊಂಡರು. ಕಹಿ ಹೋಯಿತು, ಅದರ ಹಿಂದೆಯೇ ಎಲೆಯ ಕಾವಲೂ ಹೋಯಿತು. ಹೀಗೇಕಾಯಿತು ಅಂತ ಪೂರ್ತಿ ತಿಳಿಯುವ ಹೊತ್ತಿಗೆ 2014 ಆಗಿತ್ತು.

ಎದುರಾಳಿ ಯಾರು

ಇಲ್ಲಿನ ಪೀಡೆ ಎರಡು ಚುಕ್ಕೆಯ ಜೇಡ ನುಸಿ, ಅಂದರೆ ಟೆಟ್ರಾನಿಕಸ್ ಅರ್ಟಿಕೆ. ಇದು ಕೀಟವಲ್ಲ. ಎಂಟು ಕಾಲಿನ, ಜೇಡದ ಕುಲದ ಜೀವಿ. ಹೆಣ್ಣು ಸುಮಾರು ಅರ್ಧ ಮಿಲಿಮೀಟರ್ ಉದ್ದ ಇರುತ್ತದೆ, ಗಂಡು ಇನ್ನೂ ಚಿಕ್ಕದು. ಎಲೆಯ ಕೆಳಭಾಗದಲ್ಲಿ ಕೂತು, ಸೂಜಿಯಂಥ ಬಾಯಿಯಿಂದ ಒಂದೊಂದೇ ಜೀವಕೋಶ ಚುಚ್ಚಿ ಒಳಗಿನ ರಸವನ್ನು, ಹಸಿರಿನ ಸಮೇತ, ಹೀರಿಕೊಳ್ಳುತ್ತದೆ. ಖಾಲಿಯಾದ ಕೋಶಗಳೇ ಎಲೆಯ ಮೇಲೆ ಕಾಣುವ ಬಿಳಿ ಚುಕ್ಕೆ. ಚುಕ್ಕೆಗಳು ಕೂಡಿಕೊಂಡರೆ ಎಲೆ ಹಳದಿಯಾಗುತ್ತದೆ, ಕಂಚಿನ ಬಣ್ಣಕ್ಕೆ ತಿರುಗುತ್ತದೆ, ಕೊನೆಗೆ ಒಣಗುತ್ತದೆ. ಹೊತ್ತು ಮೀರಿದ ಮೇಲೆ ಬಲೆ ಕಾಣುತ್ತದೆ.

ಇದರ ಬಲ ಇರುವುದು ವೇಗದಲ್ಲಿ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೊಟ್ಟೆಯಿಂದ ಬಲಿತ ನುಸಿಯಾಗಲು ಎರಡು ವಾರಕ್ಕಿಂತ ಸ್ವಲ್ಪ ಜಾಸ್ತಿ ಬೇಕು. 30 ಡಿಗ್ರಿಯಲ್ಲಿ ಒಂದು ವಾರ, ಅಥವಾ ಅದರ ಮೇಲೆ ಒಂದು ದಿನ. ಒಂದು ಹೆಣ್ಣು ತನ್ನ ಜೀವಿತದಲ್ಲಿ ನೂರಕ್ಕೂ ಹೆಚ್ಚು ಮೊಟ್ಟೆ ಇಡಬಲ್ಲದು. ಗಂಡಿನ ಜೊತೆ ಕೂಡದಿದ್ದರೂ ಇಡುತ್ತದೆ, ಆಗ ಹುಟ್ಟುವುದೆಲ್ಲ ಗಂಡು, ಮುಂದೆ ಆ ಗಂಡಿನ ಜೊತೆಯೇ ಕೂಡಬಲ್ಲದು. ಒಂಟಿ ಹೆಣ್ಣು ಹೊಸ ಗಿಡಕ್ಕೆ ಬಂದು ಬಿದ್ದರೂ ಸಂತಾನ ನಿಲ್ಲುವುದಿಲ್ಲ ಅನ್ನುವುದಕ್ಕೆ ಇದೇ ಕಾರಣ. ಸಾವಿರಕ್ಕೂ ಹೆಚ್ಚು ಜಾತಿಯ ಗಿಡಗಳ ಮೇಲೆ ಇದು ಬದುಕಿದ್ದು ದಾಖಲಾಗಿದೆ.

ಈ ವೇಗ ನೆನಪಿರಲಿ. ತಳಿ ನಿರೋಧಕತೆಯ ಲೆಕ್ಕವೆಲ್ಲ ಇದರ ಮೇಲೇ ನಿಂತಿದೆ.

ಕಹಿ ಎಲ್ಲಿಂದ ಬಂತು

ಸೌತೆಯ ಕಹಿಗೆ ಕಾರಣ ಕುಕುರ್ಬಿಟಾಸಿನ್ ಎಂಬ ವಸ್ತುಗಳ ಗುಂಪು. ಸೌತೆಯಲ್ಲಿ ಮುಖ್ಯವಾಗಿ ಇರುವುದು ಕುಕುರ್ಬಿಟಾಸಿನ್ ಸಿ. ಹಿಮಾಲಯದ ತಪ್ಪಲಿನ ಕಾಡು ಸೌತೆಯಲ್ಲಿ ಎಲೆಯೂ ಕಹಿ, ಕಾಯಿಯೂ ಬಾಯಿಗಿಡಲಾಗದಷ್ಟು ಕಹಿ. ನಾವು ಬೆಳೆಸುವ ಹಳೆಯ ತಳಿಗಳಲ್ಲಿ ಕಾಯಿಯ ಕಹಿ ಬಹುಮಟ್ಟಿಗೆ ಹೋಗಿದೆ, ಎಲೆಯದು ಉಳಿದಿದೆ. ಆದರೆ ಕಾಯಿಯ ಕಹಿ ಹೋಗಿದ್ದು ಪೂರ್ತಿಯಲ್ಲ. ಚಳಿ ಬಿದ್ದರೆ, ನೀರು ಕಮ್ಮಿಯಾದರೆ, ಕೆಲವು ತಳಿಗಳಲ್ಲಿ ಅದು ಮತ್ತೆ ತಲೆ ಎತ್ತುತ್ತದೆ, ತೊಟ್ಟಿನ ಕಡೆ ಜಾಸ್ತಿ. ಬೆಳೆಗಾರನಿಗೆ ಇದು ದೊಡ್ಡ ತಲೆನೋವು. ಹೊರಗಿನಿಂದ ನೋಡಿದರೆ ಕಹಿ ಕಾಯಿಗೂ ಒಳ್ಳೆ ಕಾಯಿಗೂ ವ್ಯತ್ಯಾಸವೇ ಗೊತ್ತಾಗುವುದಿಲ್ಲ.

ಹಾಗಾಗಿ ಯಾವ ಪರಿಸ್ಥಿತಿಯಲ್ಲೂ ಕಹಿಯಾಗದ ಸೌತೆಯ ಹುಡುಕಾಟ ನಡೆಯಿತು. 1959ರಲ್ಲಿ ಆಂಡೆವೆಖ್ ಮತ್ತು ಡಿ ಬ್ರೌನ್ ಎಂಬ ಡಚ್ ಸಂಶೋಧಕರು ಕಹಿರಹಿತ ಸೌತೆಯ ತಳಿ ಅಭಿವೃದ್ಧಿಯ ಬಗ್ಗೆ ವರದಿ ಪ್ರಕಟಿಸಿದರು. ಅವರ ಕೈಯಲ್ಲಿದ್ದದ್ದು ಒಂದೇ ಒಂದು ಹಿಂಜರಿವ ಜೀನ್. ಅದಕ್ಕೆ 'ಬಿಐ' ಎಂಬ ಗುರುತು ಕೊಟ್ಟರು. ಅದರ ಎರಡೂ ಪ್ರತಿ ಸೇರಿದರೆ ಗಿಡದಲ್ಲಿ ಎಲ್ಲೂ ಕಹಿ ಇರುವುದಿಲ್ಲ. ಬೇರು, ಎಲೆ, ಕಾಯಿ, ಎಲ್ಲವೂ ಸಪ್ಪೆ.

ತಳಿ ತಜ್ಞರಿಗೆ ಇದಕ್ಕಿಂತ ಅನುಕೂಲದ ಗುಣ ಸಿಗುವುದು ಅಪರೂಪ. ಕಾಯಿ ಬಿಡುವವರೆಗೆ ಕಾಯಬೇಕಿಲ್ಲ. ಮೊಳಕೆಯ ಬೀಜದೆಲೆಯ ತುದಿ ಚಿವುಟಿ ನಾಲಿಗೆಗೆ ಮುಟ್ಟಿಸಿ ಉಗಿದರೆ ಸಾಕು. ಕಹಿಯಿದ್ದದ್ದನ್ನು ಕಿತ್ತು ಬಿಸಾಡುವುದು, ಸಪ್ಪೆಯಿದ್ದದ್ದನ್ನು ಇಟ್ಟುಕೊಳ್ಳುವುದು. ಒಂದು ಟ್ರೇ ಸಸಿಯನ್ನು ಒಂದೇ ಕೂತಿನಲ್ಲಿ ವಿಂಗಡಿಸಬಹುದು. ಯುರೋಪಿನ ಗಾಜಿನ ಮನೆಗಳ ಉದ್ದ ಸೌತೆಯಲ್ಲಿ ಈ ಜೀನ್ ಬೇಗ ಹರಡಿತು. ಇವತ್ತಿಗೂ ಆ ಬಗೆಯ ಹೆಚ್ಚಿನ ತಳಿಗಳಲ್ಲಿ ಅದೇ ಇದೆ.

ಒಂದೇ ಜೀನ್, ಎರಡು ಪೀಡೆ

1971ರಲ್ಲಿ ಡಾಕೋಸ್ಟಾ ಮತ್ತು ಜೋನ್ಸ್ ಎಂಬ ಇಬ್ಬರು 'ಸೈನ್ಸ್' ಪತ್ರಿಕೆಯಲ್ಲಿ ಒಂದು ಚಿಕ್ಕ ಲೇಖನ ಬರೆದರು. ಕಹಿಯ ಜೀನ್ ಇರುವ ಸೌತೆಗೆ ನುಸಿ ಅಷ್ಟಾಗಿ ಹತ್ತುವುದಿಲ್ಲ, ಆದರೆ ಸೌತೆ ದುಂಬಿಗಳು ಮುಗಿಬೀಳುತ್ತವೆ. ಕಹಿ ಇಲ್ಲದ ಸೌತೆಯನ್ನು ದುಂಬಿ ಬಿಡುತ್ತದೆ, ನುಸಿ ಹಿಡಿಯುತ್ತದೆ. ಇದಿಷ್ಟೇ ಅದರ ಸಾರ.

ದುಂಬಿಯ ವಿಷಯ ಸ್ವಲ್ಪ ವಿಚಿತ್ರ. ಅಮೆರಿಕದ ಹೊಲಗಳ ಸೌತೆ ದುಂಬಿಗಳು ಕುಕುರ್ಬಿಟಾಸಿನ್‌ಗೆ ಹೆದರುವುದಿಲ್ಲ. ಅದರ ರುಚಿ ಹತ್ತಿದರೆ ತಿನ್ನುವುದನ್ನೇ ನಿಲ್ಲಿಸುವುದಿಲ್ಲ. ಬೇರೆ ಜೀವಿಗಳು ತಿನ್ನದಿರಲಿ ಅಂತ ಗಿಡ ಇಟ್ಟುಕೊಂಡ ವಸ್ತುವೇ ಇವುಗಳಿಗೆ ಊಟದ ಕರೆ. ಎಲೆ ತಿನ್ನುವುದರ ಜೊತೆಗೆ ಇವು ಬ್ಯಾಕ್ಟೀರಿಯಾದ ಸೊರಗು ರೋಗವನ್ನೂ ಗಿಡದಿಂದ ಗಿಡಕ್ಕೆ ಹಚ್ಚುತ್ತವೆ. ಅಂಥ ಕಡೆ ತೆರೆದ ಹೊಲದಲ್ಲಿ ಬೆಳೆಯುವವನಿಗೆ ಕಹಿರಹಿತ ತಳಿ ಲಾಭವೇ. ಗಾಜಿನ ಮನೆಯೊಳಗೆ ದುಂಬಿಯ ಕಾಟ ಇಲ್ಲ. ಬಿಸಿಲು, ಶಾಖ, ಒಣ ಗಾಳಿ, ವರ್ಷದಲ್ಲಿ ಬಹುಕಾಲ ಒಂದೇ ಬೆಳೆ. ನುಸಿಗೆ ಇದಕ್ಕಿಂತ ಇನ್ನೇನು ಬೇಕು?

ಅಂದರೆ 'ಈ ತಳಿ ನಿರೋಧಕವೋ ಅಲ್ಲವೋ' ಎಂಬ ಪ್ರಶ್ನೆಯೇ ಅರ್ಧಕ್ಕೆ ನಿಲ್ಲುತ್ತದೆ. ಯಾವುದಕ್ಕೆ ನಿರೋಧಕ, ಎಲ್ಲಿ ಬೆಳೆದರೆ ನಿರೋಧಕ ಅಂತ ಮುಂದುವರಿಸದಿದ್ದರೆ ಉತ್ತರಕ್ಕೆ ಬೆಲೆ ಇಲ್ಲ.

ಡಿ ಪೊಂಟಿಯ ಕೆಲಸ

ಇಡೀ ಪ್ರಕರಣದಲ್ಲಿ ನನಗೆ ಹೆಚ್ಚು ಇಷ್ಟವಾದ ಭಾಗ ಇದು. ನೆದರ್‌ಲ್ಯಾಂಡ್ಸ್‌ನ ವಾಗೆನಿಂಗೆನ್‌ನಲ್ಲಿ ಡಿ ಪೊಂಟಿ ಎಂಬ ತಳಿ ವಿಜ್ಞಾನಿ 1977ರಿಂದ ಸೌತೆಯ ನುಸಿ ನಿರೋಧಕತೆಯ ಮೇಲೆ ಸಾಲಾಗಿ ಲೇಖನಗಳನ್ನು ಪ್ರಕಟಿಸಿದರು. ಒಂದೊಂದರಲ್ಲೂ ಒಂದೊಂದೇ ಪ್ರಶ್ನೆ, ಅವಸರವಿಲ್ಲ.

ಮೊದಲು ಅವರು ಅಳೆಯುವ ದಾರಿ ಸರಿಮಾಡಿಕೊಂಡರು. ಹೊಲದಲ್ಲಿ ನಿಂತು 'ಈ ಗಿಡ ಚೆನ್ನಾಗಿದೆ, ಆ ಗಿಡ ಹಾಳಾಗಿದೆ' ಅಂದರೆ ಏನೂ ತಿಳಿಯುವುದಿಲ್ಲ. ನುಸಿ ಒಂದು ಗಿಡಕ್ಕೆ ತಡವಾಗಿ ಬಂದಿರಬಹುದು. ಪಕ್ಕದ ಗಿಡದಲ್ಲಿ ಬಲೆ ತುಂಬಿದ್ದರೆ ಅಲ್ಲಿಂದ ತೆವಳಿ ಬಂದಿರಬಹುದು. ಅದಕ್ಕೇ ಪ್ರಯೋಗಾಲಯದಲ್ಲಿ ಎಲೆಯ ಮೇಲೆ ಹೆಣ್ಣು ನುಸಿಗಳನ್ನು ಬಿಟ್ಟು ಮೂರು ವಿಷಯ ನೋಡಬೇಕು. ನುಸಿ ಆ ಎಲೆಯನ್ನು ಒಪ್ಪಿ ಕೂರುತ್ತಾ, ಎಷ್ಟು ಮೊಟ್ಟೆ ಇಡುತ್ತೆ, ಮರಿಗಳಲ್ಲಿ ಎಷ್ಟು ಉಳಿಯುತ್ತವೆ. ಈ ಮೂರೂ ಬೇರೆ ಬೇರೆ. ಒಂದು ತಳಿಯಲ್ಲಿ ನುಸಿ ಆರಾಮಾಗಿ ಕೂತು ಮೊಟ್ಟೆ ಕಡಿಮೆ ಇಡಬಹುದು. ಇನ್ನೊಂದರಲ್ಲಿ ಮೊಟ್ಟೆ ಬೇಕಾದಷ್ಟು ಇದ್ದು ಮರಿಗಳು ಸಾಯಬಹುದು.

ಇವುಗಳಿಂದ ದೂರ ಇಡಬೇಕಾದ ನಾಲ್ಕನೆಯದೊಂದಿದೆ, ತಾಳಿಕೆ. ನುಸಿ ಎಷ್ಟೇ ಇದ್ದರೂ ಗಿಡ ಕಾಯಿ ಬಿಡುತ್ತಲೇ ಇರುವ ಗುಣ ಅದು. ಬೆಳೆಗಾರನಿಗೆ ಒಳ್ಳೆಯದೇ ಅಂತ ಅನಿಸಬಹುದು. ಆದರೆ ತಾಳಿಕೆಯ ಗಿಡ ನುಸಿಯನ್ನು ಸಾಕುತ್ತದೆ, ಪಕ್ಕದ ಬೆಳೆಗೂ ಹಂಚುತ್ತದೆ. ಬೀಜದ ವಿವರಣೆಯಲ್ಲಿ 'ನುಸಿ ತಡೆಯುತ್ತದೆ' ಅಂತ ಬರೆದಿದ್ದರೆ ಅದು ಎರಡರಲ್ಲಿ ಯಾವುದು ಅಂತ ಕೇಳಿ ತಿಳಿದುಕೊಳ್ಳಬೇಕು.

ಆಮೇಲೆ ಅವರು ಬೇರೆ ಬೇರೆ ಕಡೆಯ ತಳಿಗಳನ್ನು ದೊಡ್ಡ ಸಂಖ್ಯೆಯಲ್ಲಿ ಪರೀಕ್ಷಿಸಿದರು. ನುಸಿ ಮುಟ್ಟದೇ ಇರುವ ಸೌತೆ ಸಿಗಲಿಲ್ಲ. ಸಿಕ್ಕಿದ್ದು ಅಷ್ಟಿಷ್ಟು ನಿರೋಧಕತೆ ಇರುವ ಕೆಲವು ತಳಿಗಳು. ಬೇರೆಯವರಾದರೆ ಅಲ್ಲಿಗೇ ಕೈಬಿಡುತ್ತಿದ್ದರೇನೋ. ಡಿ ಪೊಂಟಿ ಆ ಅರೆಬರೆ ತಳಿಗಳನ್ನು ಒಂದಕ್ಕೊಂದು ಸಂಕರ ಮಾಡಿದರು. ತಂದೆ ತಾಯಿ ಎರಡಕ್ಕಿಂತಲೂ ಹೆಚ್ಚು ತಡೆಯುವ ಮಕ್ಕಳು ಅದರಿಂದ ಹುಟ್ಟಿದವು. ಅಂದರೆ ಬೇರೆ ಬೇರೆ ತಳಿಗಳಲ್ಲಿ ಬೇರೆ ಬೇರೆ ಜೀನ್‌ಗಳು ಚೂರು ಚೂರು ಕೆಲಸ ಮಾಡುತ್ತಿದ್ದವು, ಒಂದೆಡೆ ಸೇರಿದಾಗ ಅವುಗಳ ಬಲ ಕಂಡಿತು.

ಕೊನೆಗೆ ಕಹಿಯ ಪ್ರಶ್ನೆ. ಕಹಿಯ ಜೀನ್ ಒಂದನ್ನು ಬಿಟ್ಟರೆ ಉಳಿದದ್ದೆಲ್ಲ ಹೆಚ್ಚು ಕಡಿಮೆ ಒಂದೇ ಇರುವ ಜೋಡಿ ತಳಿಗಳನ್ನು ಹೋಲಿಸಿದರು. ಸಂಕರದ ಸಂತತಿಯಲ್ಲಿ ಕಹಿ ಮತ್ತು ನಿರೋಧಕತೆ ಹೇಗೆ ಇಳಿದು ಬರುತ್ತವೆ ಅಂತಲೂ ನೋಡಿದರು. ಎರಡಕ್ಕೂ ನಂಟಿದೆ ಅನ್ನುವುದು ನಿಜ. ಆದರೆ ಕಹಿ ಇಲ್ಲದ ಗಿಡದಲ್ಲೂ ನಿರೋಧಕತೆ ಕಟ್ಟಬಹುದು, ಅದಕ್ಕೆ ಹಲವು ಜೀನ್‌ಗಳು ಬೇಕು. ಸೌತೆಯ ಜೀನ್‌ಗಳ ಪಟ್ಟಿಯಲ್ಲಿ ಈ ಕಹಿರಹಿತ ಜೀನಿನ ಮುಂದೆ ಇವತ್ತಿಗೂ ಒಂದು ಟಿಪ್ಪಣಿ ಇದೆ: ಅಮೆರಿಕದ ಉಪ್ಪಿನಕಾಯಿ ಸೌತೆಗಳಲ್ಲಿ ಮತ್ತು ಡಚ್ ಉದ್ದ ಸೌತೆಗಳಲ್ಲಿ ನುಸಿಯ ವಿಷಯದಲ್ಲಿ ಇದರ ಪರಿಣಾಮ ಒಂದೇ ಅಲ್ಲ ಅಂತ. 1971ರ ಚಿಕ್ಕ ಲೇಖನ ಓದಿ 'ಕಹಿ ಇದ್ದರೆ ನುಸಿ ಇಲ್ಲ' ಅಂತ ಸೂತ್ರ ಮಾಡಿಕೊಂಡವರು ಈ ಸಾಲನ್ನು ಓದಿದಂತಿಲ್ಲ.

ಅರೆಬರೆ ನಿರೋಧಕತೆ ಯಾಕೆ ಸಾಕು

ಈಗ ವೇಗದ ಲೆಕ್ಕಕ್ಕೆ ಬರೋಣ. ಒಂದು ತಳಿಯ ಮೇಲೆ ನುಸಿಯ ಸಂತಾನ ಪ್ರತಿ ತಲೆಮಾರಿನಲ್ಲೂ ಇನ್ನೊಂದು ತಳಿಯ ಮೇಲಿನದರ ಅರ್ಧದಷ್ಟೇ ಆಗುತ್ತದೆ ಅಂತ ಇಟ್ಟುಕೊಳ್ಳಿ. ಮೊದಲ ವಾರ ಎರಡೂ ತಳಿಗಳ ನಡುವೆ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಮೂರು ತಲೆಮಾರಾದರೆ ಎಂಟನೇ ಒಂದು ಭಾಗ, ಐದಾದರೆ ಮೂವತ್ತೆರಡನೇ ಒಂದು ಭಾಗ. ಬೆಚ್ಚಗಿನ ಗಾಜಿನ ಮನೆಯಲ್ಲಿ ಐದು ತಲೆಮಾರು ಅಂದರೆ ಒಂದೂವರೆ ತಿಂಗಳಿಗಿಂತ ಹೆಚ್ಚೇನಲ್ಲ.

ಇನ್ನೊಂದು ಕಡೆಯಿಂದಲೂ ನೋಡಬಹುದು. ಸೌತೆಗೆ ಎಷ್ಟು ಎಲೆ ಹಾಳಾದರೆ ಇಳುವರಿಗೆ ಪೆಟ್ಟು ಬೀಳುತ್ತದೆ ಅಂತ ಇಂಗ್ಲೆಂಡಿನಲ್ಲಿ ಹಸಿ ಮತ್ತು ಪಾರ್ ಎಂಬವರು ಲೆಕ್ಕ ಹಾಕಿದ್ದರು. ಅದು ಪ್ರಕಟವಾದದ್ದು 1963ರಲ್ಲಿ. ಎಲೆಯ ಹಸಿರು ಭಾಗದಲ್ಲಿ ಸುಮಾರು ಶೇ 30 ಕೆಡುವವರೆಗೆ ಸೌತೆ ತಡೆದುಕೊಳ್ಳುತ್ತದೆ. ಹಾಗಾಗಿ ನುಸಿಯನ್ನು ಪೂರ್ತಿ ಇಲ್ಲವಾಗಿಸುವ ತಳಿ ಬೇಕಾಗಿಯೇ ಇಲ್ಲ. ಆ ಮಿತಿ ದಾಟಲು ತೆಗೆದುಕೊಳ್ಳುವ ಕಾಲವನ್ನು ಉದ್ದ ಮಾಡಿದರೆ ಬೆಳೆ ಮುಗಿಯುತ್ತದೆ, ಅಥವಾ ಬೇರೆ ಯಾರಾದರೂ ಬಂದು ನುಸಿಯನ್ನು ತಿನ್ನುತ್ತಾರೆ.

ಆ ಬೇರೆಯವರು ಯಾರು ಅನ್ನುವುದರಲ್ಲಿ ಕಥೆಗೆ ಇನ್ನೊಂದು ತಿರುವಿದೆ.

ನುಸಿ ತಿನ್ನುವ ನುಸಿ

ಫೈಟೋಸಿಯುಲಸ್ ಪರ್ಸಿಮಿಲಿಸ್ ಅಂತ ಒಂದು ಪರಭಕ್ಷಕ ನುಸಿ. ಜೇಡ ನುಸಿಗಳನ್ನು ಬಿಟ್ಟು ಬೇರೆ ಏನನ್ನೂ ಅದು ಹೆಚ್ಚಾಗಿ ತಿನ್ನುವುದಿಲ್ಲ. 1958ರಲ್ಲಿ ಚಿಲಿಯಿಂದ ಬಂದ ಆರ್ಕಿಡ್ ಗಿಡಗಳ ಜೊತೆ ಜರ್ಮನಿಗೆ ಸೇರಿ, ಅಲ್ಲಿಂದ ಯುರೋಪಿನ ಗಾಜಿನ ಮನೆಗಳಿಗೆ ಹೋಯಿತು. ಯಾನ್ ಕೊಪ್ಪರ್ಟ್ ಎಂಬ ಡಚ್ ಸೌತೆ ಬೆಳೆಗಾರ 1967ರಲ್ಲಿ ಶುರುಮಾಡಿದ ಜೈವಿಕ ನಿಯಂತ್ರಣದ ಉದ್ಯಮಕ್ಕೆ ಅಡಿಪಾಯ ಇದೇ ನುಸಿ. ಅಂದರೆ ಕಹಿರಹಿತ ಸೌತೆಯೂ ನುಸಿ ತಿನ್ನುವ ನುಸಿಯೂ ಹೆಚ್ಚು ಕಡಿಮೆ ಒಂದೇ ಕಾಲದಲ್ಲಿ ಗಾಜಿನ ಮನೆಯೊಳಗೆ ಕಾಲಿಟ್ಟವು.

ಈ ಪರಭಕ್ಷಕಕ್ಕೆ ಕಣ್ಣಿಲ್ಲ. ಬೇಟೆ ಎಲ್ಲಿದೆ ಅಂತ ವಾಸನೆಯಿಂದ ಹುಡುಕುತ್ತದೆ. ಜೇಡ ನುಸಿ ಹತ್ತಿದ ಗಿಡ ತಾನೇ ಕೆಲವು ವಾಸನೆಗಳನ್ನು ಬಿಡುತ್ತದೆ, ಪರಭಕ್ಷಕ ಅದರ ಜಾಡು ಹಿಡಿದು ಬರುತ್ತದೆ. ಅಗ್ರವಾಲ್, ಸಬೆಲಿಸ್ ಮತ್ತು ಜೊತೆಗಾರರು ಇದನ್ನೇ ಕಹಿ ಮತ್ತು ಸಪ್ಪೆ ಸೌತೆಯ ಜೋಡಿಯಲ್ಲಿ ಪರೀಕ್ಷಿಸಿದರು. 2002ರಲ್ಲಿ ಅದು ಪ್ರಕಟವಾಯಿತು. ಕಹಿಗೆ ಮಾರ್ಕೆಟ್‌ಮೋರ್ 76, ಸಪ್ಪೆಗೆ ಮಾರ್ಕೆಟ್‌ಮೋರ್ 80. ಎರಡೂ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಬೆಳೆದ ಒಂದೇ ಬಳಗದವು. ನುಸಿ ಹತ್ತಿದ ಸಪ್ಪೆ ಗಿಡಗಳಿಗೆ, ನುಸಿ ಹತ್ತಿದ ಕಹಿ ಗಿಡಗಳಿಗಿಂತ ಶೇ 37ರಷ್ಟು ಹೆಚ್ಚು ಪರಭಕ್ಷಕಗಳು ಬಂದವು. ಕಹಿ ಗಿಡದ ಮೇಲೆ ಬೆಳೆದ ನುಸಿ ತಿಂದರೆ ಪರಭಕ್ಷಕಕ್ಕೆ ತೊಂದರೆಯೇನೂ ಆಗಲಿಲ್ಲ. ವ್ಯತ್ಯಾಸ ಇದ್ದದ್ದು ಗಿಡ ಬಿಡುವ ವಾಸನೆಯಲ್ಲಿ.

ಹಾಗಾದರೆ ಕಹಿ ಕಳೆದುಕೊಂಡ ಗಿಡ ಬರಿಗೈಯಲ್ಲಿ ನಿಂತಿಲ್ಲ, ಅಲ್ವಾ? ತಾನೇ ಹೊಡೆಯುವ ಬಲ ಕಡಿಮೆಯಾಯಿತು, ನೆರವು ಕರೆಯುವ ದನಿ ಜೋರಾಯಿತು. ಆದರೆ ಕರೆದರೆ ಬರುವವರು ಅಲ್ಲಿ ಇರಬೇಕು. ಪರಭಕ್ಷಕ ಬಿಡುವ ಗಾಜಿನ ಮನೆಯಲ್ಲಿ ಸಪ್ಪೆ ತಳಿ ಅಷ್ಟು ಕೆಟ್ಟ ಆಯ್ಕೆಯಲ್ಲ. ಸುಮ್ನೆ ಸಿಕ್ಕಿದ ಔಷಧಿಯೆಲ್ಲ ಹೊಡೆದು ಪರಭಕ್ಷಕವನ್ನೂ ಸಾಯಿಸುವ ಕಡೆ ಅದೇ ತಳಿ ಎರಡೂ ಕೈ ಕಳೆದುಕೊಂಡಂತೆ.

ಟೊಮೆಟೊದಲ್ಲಿ ಈ ತೊಡಕು ಇನ್ನೂ ನೇರವಾಗಿದೆ. ಜೇಡ ನುಸಿಯನ್ನು ಹಿಡಿಯುವ ಅಂಟು ರೋಮಗಳಿಗೆ ಪರ್ಸಿಮಿಲಿಸ್ ಕೂಡ ಸಿಕ್ಕಿಕೊಳ್ಳುತ್ತದೆ.

ನುಸಿ ಕಲಿಯುತ್ತದೆ

ಒಂದೇ ತಳಿಯ ಮೇಲೆ ವರ್ಷಗಟ್ಟಲೆ ಬದುಕಿದರೆ ನುಸಿ ಸುಮ್ಮನೆ ಕೂರುವುದಿಲ್ಲ. 1979ರಲ್ಲಿ ಫ್ರೆಡ್ ಗೌಲ್ಡ್ ಎಂಬ ಸಂಶೋಧಕರು ನುಸಿಗಳ ಒಂದು ಗುಂಪನ್ನು ನಿರೋಧಕ ಸೌತೆ ಮತ್ತು ಅವರೆಯ ಜಾತಿಯ ಒಂದು ಗಿಡದ ಮೇಲೆ ಒಟ್ಟಿಗೆ ಸಾಕಿದ ಫಲಿತಾಂಶ ಪ್ರಕಟಿಸಿದರು. 21 ತಿಂಗಳಾದ ಮೇಲೆ ಆ ಗುಂಪು ಸೌತೆಯ ಮೇಲೆ ಮೊದಲಿಗಿಂತ ಎಷ್ಟೋ ಚೆನ್ನಾಗಿ ಬದುಕುತ್ತಿತ್ತು. ಸೌತೆಗೆ ಸಂಬಂಧವೇ ಇಲ್ಲದ ಬೇರೆ ಕೆಲವು ವಿಷಗಿಡಗಳ ಮೇಲೂ ಅದು ಸುಧಾರಿಸಿಕೊಂಡಿತ್ತು.

ಇದು ಹೇಗೆ ಸಾಧ್ಯ ಅನ್ನುವುದಕ್ಕೆ ಸುಳಿವು ಸಿಕ್ಕಿದ್ದು ಬಹಳ ತಡವಾಗಿ. 2011ರಲ್ಲಿ ಈ ನುಸಿಯ ಜೀನೋಮ್ ಪೂರ್ತಿ ಓದಿದಾಗ, ವಿಷ ಒಡೆಯುವ ಕಿಣ್ವಗಳ ಜೀನ್‌ಗಳು ಅದರಲ್ಲಿ ಕಂತೆ ಕಂತೆಯಾಗಿ ಕಂಡವು. 2013ರ ಇನ್ನೊಂದು ಕೆಲಸದಲ್ಲಿ ಹುರುಳಿಕಾಯಿ ಗಿಡದ ನುಸಿಗಳನ್ನು ಟೊಮೆಟೊಗೆ ದಾಟಿಸಿ ಐದು ತಲೆಮಾರು ಬೆಳೆಸಿದರು. ಅವುಗಳಲ್ಲಿ ಎಚ್ಚೆತ್ತ ಜೀನ್‌ಗಳು, ಹಲವು ನುಸಿನಾಶಕಗಳಿಗೆ ಜಗ್ಗದ ನುಸಿಗಳಲ್ಲಿ ಎಚ್ಚೆತ್ತಿರುವ ಜೀನ್‌ಗಳನ್ನೇ ಬಹುಮಟ್ಟಿಗೆ ಹೋಲುತ್ತಿದ್ದವು. ಗಿಡದ ವಿಷಕ್ಕೂ ಡ್ರಮ್ಮಿನ ವಿಷಕ್ಕೂ ನುಸಿ ಬಳಸುವ ಆಯುಧಶಾಲೆ ಬಹುಪಾಲು ಒಂದೇ. ಹಾಗಾಗಿ ಒಂದೇ ಜೀನಿನ ಮೇಲೆ, ಒಂದೇ ವಸ್ತುವಿನ ಮೇಲೆ ನಿಂತ ನಿರೋಧಕತೆ ಬಹಳ ಕಾಲ ಬಾಳುತ್ತದೆ ಅಂತ ನಾನು ನಂಬುವುದಿಲ್ಲ. ಡಿ ಪೊಂಟಿಯ ಚೂರು ಚೂರು ಜೀನ್‌ಗಳನ್ನು ಕೂಡಿಸುವ ದಾರಿ ನಿಧಾನ, ಬೇಸರದ್ದು. ಆದರೂ ನನ್ನ ಮತ ಅದಕ್ಕೇ.

2014: ಎಲೆಗೊಂದು ಗುಂಡಿ, ಕಾಯಿಗೊಂದು ಗುಂಡಿ

2014ರಲ್ಲಿ ಚೀನಾದ ಹುವಾಂಗ್ ಸಾನ್‌ವೆನ್ ಅವರ ತಂಡ ಸೌತೆಯ ಕಹಿಯ ದಾರಿಯನ್ನು 'ಸೈನ್ಸ್' ಪತ್ರಿಕೆಯಲ್ಲಿ ಬಿಡಿಸಿಟ್ಟಿತು. ಕಹಿ ತಯಾರಿಯಲ್ಲಿ ಒಂಬತ್ತು ಜೀನ್‌ಗಳಿವೆ. ಆ ದಾರಿಯ ಬಾಗಿಲಲ್ಲಿ ನಿಂತ ಜೀನ್ ಅದೇ ಹಳೆಯ ಬಿಐ, ಸಪ್ಪೆ ಗಿಡಗಳಲ್ಲಿ ಇದ್ದದ್ದು ಅದರ ಕೆಟ್ಟ ರೂಪ. ಅದು ಕಟ್ಟುವ ಕಿಣ್ವ ಇಲ್ಲದಿದ್ದರೆ ಮುಂದಿನ ಕೆಲಸ ಶುರುವೇ ಆಗುವುದಿಲ್ಲ. 1959ರ ಗಿಡಗಳಲ್ಲಿ ಬೇರಿನಿಂದ ಕಾಯಿಯವರೆಗೆ ಎಲ್ಲವೂ ಸಪ್ಪೆಯಾಗಿದ್ದು ಅದಕ್ಕೇ.

ಇನ್ನೂ ಮುಖ್ಯವಾದದ್ದು ಬೇರೆ ಇದೆ. ಈ ಜೀನ್‌ಗಳಿಗೆ ಚಾಲನೆ ಕೊಡುವ ಗುಂಡಿಗಳು ಎರಡು. 'ಬಿಎಲ್' ಎಂಬುದು ಎಲೆಯಲ್ಲಿ ಕೆಲಸ ಮಾಡುತ್ತದೆ, 'ಬಿಟಿ' ಎಂಬುದು ಕಾಯಿಯಲ್ಲಿ. ಕಾಡು ಸೌತೆಯನ್ನು ಮನುಷ್ಯ ಒಗ್ಗಿಸಿಕೊಂಡಾಗ ಆರಿಸಿದ್ದು ಬಿಟಿ ಕುಂದಿದ ಗಿಡಗಳನ್ನು. ಕಾಯಿ ತಿನ್ನುವಂತಾಯಿತು, ಎಲೆಯ ಕಹಿ ಹಾಗೇ ಉಳಿಯಿತು. ಚಳಿಗೆ ಕಹಿಯಾಗುವ ತಳಿಗಳಲ್ಲಿ ಬಿಟಿ ಮತ್ತೆ ಏಳುತ್ತದೆ.

ಹೆಸರೂ ಗೊತ್ತಿಲ್ಲದ ಹಳೆಯ ಬೇಸಾಯಗಾರರು ಕಾಯಿಯ ಗುಂಡಿಯನ್ನು ಮಾತ್ರ ಮುಟ್ಟಿದ್ದರು. ಇಪ್ಪತ್ತನೆಯ ಶತಮಾನದ ತಳಿ ತಜ್ಞರು ಇಡೀ ಮನೆಯ ಕರೆಂಟು ತೆಗೆದರು. ಅವರನ್ನು ಬೈಯುವಂತಿಲ್ಲ. ಬೀಜದೆಲೆ ಚೀಪಿ ನೋಡುವವನಿಗೆ ಕಾಣುವುದು ಬಿಐ ಮಾತ್ರ. ಬೀಜದೆಲೆ ಕಹಿಯಾಗಿದ್ದೂ ಕಾಯಿ ಯಾವತ್ತೂ ಕಹಿಯಾಗದ ಗಿಡವನ್ನು ಆ ಪರೀಕ್ಷೆಯಲ್ಲಿ ಗುರುತಿಸಲಾಗದು. ಅಂಥ ಗಿಡ ಕೈಗೆ ಬಂದಿದ್ದರೂ ಮೊಳಕೆಯಲ್ಲೇ ಕಿತ್ತು ಹೋಗುತ್ತಿತ್ತು.

ಈಗ ಆ ಅಡ್ಡಿ ಇಲ್ಲ. ಬಿಟಿ ಯಾವ ರೂಪದಲ್ಲಿದೆ ಅಂತ ಸಸಿಯ ಎಲೆಯ ಚೂರಿನ ಡಿಎನ್‌ಎ ನೋಡಿ ಹೇಳಬಹುದು. ಎಲೆ ಕಹಿ, ಕಾಯಿ ಎಂಥ ಚಳಿಯಲ್ಲೂ ಸಪ್ಪೆ ಎಂಬ ತಳಿಯನ್ನು ಗುರಿಯಿಟ್ಟು ಆರಿಸಬಹುದು. ಅದರ ಮೇಲೆ ಕಹಿಗೆ ಸಂಬಂಧವಿಲ್ಲದ ನಿರೋಧಕ ಜೀನ್‌ಗಳನ್ನೂ ಪೇರಿಸಬಹುದು. ದುಂಬಿ ಇರುವ ಹೊಲಕ್ಕೆ ಇದು ಬೇಡ, ಅಲ್ಲಿಗೆ ಪೂರ್ತಿ ಸಪ್ಪೆ ತಳಿಯೇ ಸರಿ. ಪರಭಕ್ಷಕ ಬಿಡುವ ಮುಚ್ಚಿದ ಮನೆಗೆ ಎರಡರಲ್ಲಿ ಯಾವುದು ಮೇಲು ಅನ್ನುವುದನ್ನು ಎಲೆಯ ಮೇಲಿನ ಮೊಟ್ಟೆ ಎಣಿಸಿ ತೀರ್ಮಾನಿಸಲಾಗದು. ಎರಡೂ ತಳಿಗಳನ್ನು ಪರಭಕ್ಷಕದ ಸಮೇತ ಒಂದು ಪೂರ್ತಿ ಬೆಳೆಗಾಲ ಬೆಳೆಸಿ, ಎಲೆ ಎಷ್ಟು ಕೆಟ್ಟಿತು, ಕಾಯಿ ಎಷ್ಟು ಇಳಿಯಿತು ಅಂತ ತೂಗಿ ನೋಡಬೇಕು. ಪ್ರಯೋಗಕ್ಕೆ ಜೋಡಿ ತಳಿಗಳನ್ನೇ ಬಳಸಬೇಕು. ಇಲ್ಲದಿದ್ದರೆ ಕಂಡ ವ್ಯತ್ಯಾಸ ಕಹಿಯದೋ ಬೇರೆ ಯಾವುದರದೋ ಹೇಳಲಾಗದು. ಸಪ್ಪೆ ತಳಿಯನ್ನು ಕಹಿ ತಳಿಯ ಪಕ್ಕದ ಸಾಲಿನಲ್ಲೇ ನೆಡಬಾರದು, ನುಸಿಯೂ ಪರಭಕ್ಷಕವೂ ಆಚೀಚೆ ಓಡಾಡಿ ಎರಡರ ಲೆಕ್ಕವನ್ನೂ ಕಲಸಿಬಿಡುತ್ತವೆ.